ಕಲ್ಲಿನ ಬಳೆ ಎಣಿಸಿದ ಬೆರಳು

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದಾಗ ತಂಗಿಯ ಮಗಳ ಚೀಲದಲ್ಲಿದ್ದದ್ದು ಎರಡೇ ವಸ್ತು: ನೀರಿನ ಬಾಟಲಿ, ಚನ್ನಪಟ್ಟಣದ ಮರದ ಬಳೆಗಳ ಆಟಿಕೆ. ಎಂಟು ವರ್ಷದ ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಗೂಟಕ್ಕೆ ದೊಡ್ಡ ಬಳೆ, ಅದರ ಮೇಲೆ ಚಿಕ್ಕದು, ಇನ್ನೂ ಚಿಕ್ಕದು ಎಂದು ಪೋಣಿಸುತ್ತಲೇ ಅವಳು ಒಂದು, ಎರಡು, ಮೂರು ಕಲಿತಳು. ಹಾಲೆ ಮರದ ತುಂಡು ತಿರುಗಣಿಯಲ್ಲಿ ಗಿರ್ರನೆ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ನುಣುಪು ಅವಳ ಬೆರಳಿಗೆ ಬಾಯಿಪಾಠ.

ಆ ಊರಿನಲ್ಲೇ ಇರುವ, 1220ರ ಸುಮಾರಿನ ಈಶ್ವರ ದೇವಾಲಯದ ಮುಂದಿನ ದುಂಡು ಮಂಟಪದಲ್ಲಿ ಸುತ್ತಲೂ ಕಲ್ಲಿನ ಜಗಲಿ. ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾಗ ಅವಳ ಕೈ ಪಕ್ಕದ ಗಿಡ್ಡ ಕಂಬಕ್ಕೆ ತಗುಲಿತು. ಬೆರಳು ನಿಂತಿತು, ಕೆಳಗಿಳಿಯಿತು, ಮತ್ತೆ ಮೇಲೇರಿತು.

“ದೊಡ್ಡಮ್ಮಾ, ಇದು ನನ್ ಬಳೆ ಆಟಿಕೆ ಅಲ್ವಾ!”

ನನಗೆ ಮಾತೇ ಹೊರಡಲಿಲ್ಲ. ಹೌದಲ್ಲ! ಹೊಯ್ಸಳರ ಕಂಬಗಳೂ ತಿರುಗಣಿಯಲ್ಲಿ ಕಡೆದವೇ. ಉಬ್ಬು, ತಗ್ಗು, ಬಳೆ, ಮತ್ತೆ ಬಳೆ. ಎಷ್ಟು ಸಲ ಈ ದಾರಿಯಲ್ಲಿ ಬಂದಿದ್ದೇನೆ, ಕಂಬದ ಹೊಳಪು ನೋಡಿ ಮುಂದೆ ನಡೆದಿದ್ದೇನೆ! ಕಲ್ಲಾದರೂ ಎಂಥದ್ದು? ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಸ್ಲೇಟಿನ ಮೇಲೆ ನಾವು ಒಂದು, ಎರಡು ತಿದ್ದಿದ ಬಳಪ ಇದೇ ಜಾತಿಯದು. ಅವಳು ಜಗಲಿಗುಂಟ ಜರುಗುತ್ತಾ ಒಂದೊಂದು ಕಂಬದ ಬಳೆಗಳನ್ನೂ ಎಣಿಸಿದಳು. ಬಸ್ಸು ತಪ್ಪಿದರೆ ತಪ್ಪಲಿ ಎಂದು ಕುಳಿತೇ ಇದ್ದೆ.

ಹಳೇಬೀಡಿನಲ್ಲಿ ಆ ಸುಖ ಸಿಗಲಿಲ್ಲ. ದೇವಾಲಯದ ಗೋಡೆಯ ಆನೆಸಾಲು, ಸಿಂಹಸಾಲು, ಕುದುರೆಸಾಲು, ಹಂಸಸಾಲು, ಎಲ್ಲವನ್ನೂ ನಾನು ಬಾಯಲ್ಲಿ ಹೇಳಬೇಕಾಯಿತು. ಶಿಲ್ಪ ಮುಟ್ಟಬಾರದು, ಸರಿ; ಸಾವಿರಾರು ಕೈ ತಾಗಿದರೆ ಕಲ್ಲು ಸವೆಯುತ್ತದೆ. ಆದರೆ ಬಾಗಿಲ ಬಳಿ ಒಂದು ಮೊಳದ ಮರದ ಪ್ರತಿ ಇಟ್ಟರೆ? ಐದು ಆನೆ ಸಾಕು. ಇಂಥ ಮಕ್ಕಳು ಸೊಂಡಿಲು ಹಿಡಿದು ಎಣಿಸಿಕೊಳ್ಳುತ್ತಾರೆ. ಚನ್ನಪಟ್ಟಣದ ಕೈಗಳಿಗೆ ಅದೇನು ದೊಡ್ಡ ಕೆಲಸ!

ಅಲ್ಲಿಂದ 16 ಕಿಲೋಮೀಟರಿಗೆ ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ನವರಂಗದೊಳಗೆ ಹೊರಗಿನ ಬಿಸಿಲಿನಿಂದ ಕಾಲಿಟ್ಟವರೆಲ್ಲ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳುತ್ತಾ ತಡವರಿಸಿದರು. ಅವಳೊಬ್ಬಳು ತಡವರಿಸಲಿಲ್ಲ. ನನ್ನ ಕೈ ಹಿಡಿದು ಮುಂದೆ ನಡೆದಳು.

“ಇಲ್ಲಿ ಎಷ್ಟು ಕಂಬ?”

“48. ನಡುವಿನ ನಾಲ್ಕು ಬಿಟ್ಟರೆ ಒಂದರ ಹಾಗೆ ಇನ್ನೊಂದಿಲ್ಲವಂತೆ.”

ಚೀಲ ತಡವಿ ಆಟಿಕೆ ಹೊರತೆಗೆದಳು. ಬಳೆಗಳನ್ನು ಒಮ್ಮೆ ಸವರಿ, ಚಿಂತೆಯಿಂದ ನನ್ನ ಕಡೆ ಮುಖ ಮಾಡಿದಳು.

“ಅಷ್ಟಕ್ಕೆ ನನ್ ಬಳೆ ಸಾಲಲ್ಲ ದೊಡ್ಡಮ್ಮಾ.”