ಐದನೇ ವರ್ಷದ ಬ್ಯಾಟರಿ

ಮೀಟರಿನಲ್ಲಿ 10.5 ಬಂದರೆ ಮುಚ್ಚಳ ಬಿಚ್ಚುವ ಮೊದಲೇ ಮೆಕ್ಯಾನಿಕ್ಕಿಗೆ ಗೊತ್ತಾಗಿಬಿಡುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದಕ್ಕೂ ಎರಡು ವೋಲ್ಟು, ಮೇಲೊಂದು ಚೂರು. ಒಂದು ಸತ್ತರೆ ಉಳಿಯುವುದು ಹತ್ತೂವರೆ. ಆದರೂ ಮನೆಯವರ ಎದುರಿಗೇ ಆರೂ ಮುಚ್ಚಳ ಬಿಚ್ಚುತ್ತಾರೆ. ಹೈಡ್ರೋಮೀಟರಿನ ರಬ್ಬರ್ ಬುಡ್ಡೆ ಅಮುಕಿ ಬಿಟ್ಟು, ಆಸಿಡ್ ಏರಿದ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದೊಂದೇ ಅಂಕಿ ಓದುತ್ತಾರೆ: 1.230, 1.225, 1.230, 1.110. ನಾಲ್ಕನೆಯದರಲ್ಲಿ ಒಳಗಿನ ತೇಲುಗಡ್ಡಿ ಮುಳುಗಿ ಕೂತಿರುತ್ತದೆ. "ನೋಡಣ್ಣ, ಇದೊಂದು ಸೆಲ್ ಹೋಗಿದೆ." ಬರೀ ಮೀಟರ್ ತೋರಿಸಿ ಹೊಸ ಬ್ಯಾಟರಿ ಹಾಕಿಸಿ ಅಂದರೆ ಯಾರೂ ನಂಬುವುದಿಲ್ಲ. ಮುಳುಗಿದ ಗಡ್ಡಿ ಕಂಡರೆ ನಂಬುತ್ತಾರೆ.

ಮಧುಗಿರಿಯ ಈ ಮೆಕ್ಯಾನಿಕ್ ಬೈಕಿನ ಹಿಂದೆ ಬ್ಯಾಟರಿ ಕಟ್ಟಿಕೊಂಡು ಶಿರಾ, ಕೊರಟಗೆರೆ, ಪಾವಗಡದ ಕಾಲುದಾರಿಗಳನ್ನು ಸುತ್ತಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಹೆಸರು ಬೇಡ ಎನ್ನುವ ಸಂಕೋಚದವರು. ಊರಿನ ಹೆಸರಿಗಿಂತ ಮನೆ ಮೇಲಿನ ಸೋಲಾರ್ ಪ್ಲೇಟು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಹುಲಿಕುಂಟೆ ಕಡೆಯ ಒಂದು ಹಟ್ಟಿ, ಹೊಳವನಹಳ್ಳಿ ಹತ್ತಿರದ ಅಡಿಕೆ ತೋಟ, ನಾಗಲಮಡಿಕೆ ದಾರಿಯಲ್ಲಿ ಬಂಡೆ ಮಗ್ಗುಲಿಗಿರುವ ಒಂಟಿ ಮನೆ. ಪಾವಗಡ ದಾಟಿದರೆ ದೂರು ತೆಲುಗಿಗೆ ತಿರುಗುತ್ತದೆ, "ಬ್ಯಾಟ್ರಿ ಪೋಯಿಂದಿ". ರೋಗ ಮಾತ್ರ ಅದೇ.

ಅವರು ಈ ಕೆಲಸಕ್ಕೆ ಬಂದ ಹೊತ್ತಿಗೆ ಸೋಲಾರ್ ದೀಪಕ್ಕೆ ಬ್ಯಾಂಕುಗಳು ಸಾಲ ಕೊಡಲು ಆರಂಭಿಸಿದ್ದವು. ಹರೀಶ್ ಹಂದೆ ಅವರ, 1995ರಲ್ಲಿ ಶುರುವಾದ ಸೋಲಾರ್ ಸಂಸ್ಥೆ ಸೆಲ್ಕೋ ಕಂತಿನ ದಾರಿ ತೋರಿಸಿತ್ತು. ಆ ಕೆಲಸಕ್ಕಾಗಿಯೇ 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಡತೊಡಗಿದವು. ಹಳ್ಳಿಗಳಲ್ಲಿ ಕಾಣುತ್ತಿದ್ದುದು ಹೆಚ್ಚಾಗಿ ಸರ್ಕಾರದ ಸಹಾಯಧನಕ್ಕೆ ಒಗ್ಗುವ ಸೆಟ್ಟು: 37 ವ್ಯಾಟಿನ ಪ್ಲೇಟು, 40 ಎಎಚ್ ಬ್ಯಾಟರಿ, 9 ವ್ಯಾಟಿನ ಎರಡು ಸಿಎಫ್‌ಎಲ್. ಅಡುಗೆಮನೆಗೊಂದು, ನಡುಮನೆಗೊಂದು. ದಿನಕ್ಕೆ ನಾಲ್ಕು ತಾಸು ಉರಿಸಿದರೆ ಮೂರು ದಿನ ಮೋಡ ಕವಿದರೂ ದೀಪ ನಿಲ್ಲುವಂತೆ ಲೆಕ್ಕ ಹಾಕಿ ಮಾಡಿದ ಜೋಡಿ ಅದು.

ಲೆಕ್ಕ ತಪ್ಪಿದ್ದು ಟಿ.ವಿ.ಯಿಂದ. ಮೊದಲು ಕಪ್ಪುಬಿಳುಪಿನದು ಬಂತು, ಆಮೇಲೆ ಸಣ್ಣ ಇನ್ವರ್ಟರ್ ಇಟ್ಟು ಬಣ್ಣದ್ದು. ಮೊಬೈಲು ಬಂದಮೇಲೆ ಅಕ್ಕಪಕ್ಕದ ಮನೆಯವರೂ ಚಾರ್ಜರ್ ಹಿಡಿದು ಬಂದರು. ಬ್ಯಾಟರಿ ಖಾಲಿಯಾಗಬಾರದೆಂದು ಕಂಟ್ರೋಲರ್ ತಾನಾಗಿ ಲೈನು ಕಡಿಯುತ್ತದಲ್ಲ, ಧಾರಾವಾಹಿ ನಡುವೆ ಹೀಗಾಗುವುದನ್ನು ತಡೆಯಲು ಕೆಲವರು ಕಂಟ್ರೋಲರನ್ನೇ ಬಿಟ್ಟು ನೇರ ವೈರು ಕೊಟ್ಟುಕೊಂಡರು. ಅರೆಬರೆ ಚಾರ್ಜಿನಲ್ಲೇ ದಿನ ದೂಡಿದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಹರಳುಗಟ್ಟುತ್ತದೆ. ಗಟ್ಟಿಯಾದ ಮೇಲೆ ಅದು ಮತ್ತೆ ಕರಗುವುದಿಲ್ಲ.

ಇನ್ನೊಂದು ಶತ್ರು ಬೋರ್‌ವೆಲ್ ನೀರು. ಪಾವಗಡದ ನೀರಿನ ಫ್ಲೋರೈಡ್ ಕತೆ ಎಲ್ಲರಿಗೂ ಗೊತ್ತು. ಫ್ಲೋರೈಡ್ ಮಾತು ಹಾಗಿರಲಿ, ಆ ನೀರಿನಲ್ಲಿರುವ ಉಪ್ಪು, ಕಬ್ಬಿಣಗಳೇ ಬ್ಯಾಟರಿ ಕೆಡಿಸಲು ಸಾಕು. ಡಿಸ್ಟಿಲ್ಡ್ ವಾಟರ್ ಕ್ಯಾನಿಗಾಗಿ ಪೇಟೆಗೆ ಬರುವುದು ಯಾಕೆ ಎಂದು ಬಿಂದಿಗೆಯಿಂದಲೇ ಹುಯ್ದವರನ್ನು ಅವರು ಎಷ್ಟೋ ಕಂಡಿದ್ದಾರೆ. ಒಂದು ಮನೆಯಲ್ಲಿ ಕಾಯಿಸಿ ಆರಿಸಿದ ನೀರು ಹಾಕಿದ್ದರು, ಮಕ್ಕಳಿಗೆ ಕೊಡುವಷ್ಟೇ ಅಕ್ಕರೆಯಿಂದ. ಬಿಸಿಲು ಇನ್ನೊಂದು. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದಾಗಲೂ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಕೆಳಗೆ, ಒಲೆ ಪಕ್ಕದ ಅಟ್ಟದ ಮೇಲೆ ಕೂತ ಬ್ಯಾಟರಿಯ ಗತಿ ಹೇಳಬೇಕಿಲ್ಲ.

ಅಂತೂ ನಾಲ್ಕೈದು ವರ್ಷಕ್ಕೆ ಬ್ಯಾಟರಿ ಮುಗಿಯುತ್ತಿತ್ತು. ಬ್ಯಾಂಕಿನ ಕಂತು ತೀರುತ್ತಿದ್ದುದೂ ಆಗಲೇ. ಸಾಲ ತೀರಿತು, ಇನ್ನು ಬೆಳಕು ಪುಕ್ಕಟೆ ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ದೀಪ ಮಂಕಾಗುತ್ತಿತ್ತು. ಮೊದಲ ಬ್ಯಾಟರಿಗೆ ಸಹಾಯಧನ, ಸಾಲ, ಮನೆಗೇ ಬರುವ ಏಜೆಂಟ್ ಎಲ್ಲ ಇದ್ದರು. ಎರಡನೆಯದಕ್ಕೆ ಇದ್ದದ್ದು ಕಡಲೆಕಾಯಿ ದುಡ್ಡು ಮಾತ್ರ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಇಪ್ಪತ್ತೈದು ವರ್ಷ ಬಾಳುವ ಪ್ಲೇಟು ಮೇಲೆ ಬಿಸಿಲು ಕುಡಿಯುತ್ತ ಕೂತಿದ್ದರೆ, ಕೆಳಗೆ ಜನ ಮತ್ತೆ ಸೀಮೆಎಣ್ಣೆ ಬುಡ್ಡಿ ಹಚ್ಚಿದ್ದನ್ನು ಅವರು ನೋಡಿದ್ದಾರೆ. ಯೋಜನೆ ಬರೆದವರಿಗೆ ಐದನೇ ವರ್ಷ ಯಾಕೆ ಕಾಣಲಿಲ್ಲವೋ!

ಹಣ ಉಳಿಸಲು ಹೋಗಿ ಕಳೆದುಕೊಂಡವರೂ ಇದ್ದಾರೆ. ಶಿರಾ ಕಡೆಯ ಒಂದು ತೋಟದ ಮನೆಯಲ್ಲಿ ಎರಡು ಬ್ಯಾಟರಿ ಸಾಲಾಗಿ ಕೂಡಿಸಿದ 24 ವೋಲ್ಟಿನ ಸೆಟ್ಟಿತ್ತು. ಒಂದು ಕೆಟ್ಟಿತು. ಎರಡನ್ನೂ ಬದಲಾಯಿಸಿ ಎಂದರೆ ಯಜಮಾನರು ಒಪ್ಪಲಿಲ್ಲ, ಒಂದೇ ಹಾಕಿಸಿದರು. ಹಳೆಯದು ಬೇಗ ತುಂಬಿದಂತೆ ತೋರಿಸುತ್ತದೆ, ಕಂಟ್ರೋಲರ್ ಎರಡೂ ತುಂಬಿದವೆಂದು ಚಾರ್ಜು ಇಳಿಸುತ್ತದೆ, ಹೊಸದು ದಿನಾ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಮುದಿ ಎತ್ತಿನ ಜೊತೆ ಹೋರಿ ಹೂಡಿದ ಹಾಗೆ. ಮುಂದಿನ ಬೇಸಿಗೆಗೆ ಎರಡೂ ಗುಜರಿಗೆ ಹೋದವು.

ಗುಜರಿಯಲ್ಲಿ ಹಳೆ ಬ್ಯಾಟರಿಗೆ ತೂಕದ ಬೆಲೆ, ಒಳಗಿರುವ ಸೀಸಕ್ಕಾಗಿ. ಹಳೆಯದನ್ನು ಮಾರಿದವರೇ ವಾಪಸು ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರ ನಿಯಮ ತಯಾರಕರ ಹೊಣೆಯನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಸೈಕಲ್ಲಿನಲ್ಲಿ ಬರುವ ಗುಜರಿಯವನು ತೂಕ ಕಡಿಮೆಯಾಗಲೆಂದು ಆಸಿಡ್ಡನ್ನು ಬೇಲಿ ಬುಡಕ್ಕೆ ಸುರಿದದ್ದು ಅವರ ಕಣ್ಣೆದುರೇ ನಡೆದಿದೆ. ಅಲ್ಲಿ ಎರಡು ಮಳೆಗಾಲ ಹುಲ್ಲು ಹುಟ್ಟಲಿಲ್ಲ.

ಆಮೇಲೆ ಕರೆಂಟೇ ಬಂತು. 2017ರಲ್ಲಿ ಶುರುವಾದ ಸೌಭಾಗ್ಯ ಯೋಜನೆಯ ತಂತಿ, 2023ರಿಂದ ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಪುಕ್ಕಟೆ ಕರೆಂಟು. ಊರೊಳಗಿನ ಮನೆಗಳವರು ಸತ್ತ ಬ್ಯಾಟರಿಯನ್ನು ಮತ್ತೆ ಕೊಳ್ಳಲಿಲ್ಲ. ಪ್ಲೇಟನ್ನು ಕೋಳಿಗೂಡಿಗೆ ಮಾಡಾಗಿ ಹೊದಿಸಿದವರೂ ಇದ್ದಾರೆ. ಆದರೆ ಪಂಪ್‌ಸೆಟ್ ಲೈನಿನ ಮೇಲಿರುವ ತೋಟದ ಮನೆಗಳ ಪಾಡು ಬೇರೆ. ನಿರಂತರ ಜ್ಯೋತಿ ಯೋಜನೆ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದಾಗ ಇವು ಆಚೆ ಬದಿಗೆ ಉಳಿದವು. ತ್ರೀ ಫೇಸ್ ಬಂದಾಗ ಮೋಟರ್ ಓಡುತ್ತದೆ, ರಾತ್ರಿ ದೀಪಕ್ಕೆ ಭರವಸೆಯಿಲ್ಲ. ಇವತ್ತು ಮೆಕ್ಯಾನಿಕ್ಕಿಗೆ ಫೋನು ಬರುವುದು ಹೆಚ್ಚಾಗಿ ಇಂಥ ಮನೆಗಳಿಂದ.

ತಿರುಮಣಿ ಕಡೆಯಿಂದಲೂ ಬರುತ್ತದೆ. ಅಲ್ಲಿ, ಪಾವಗಡದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಶಕ್ತಿಸ್ಥಳ ಸೋಲಾರ್ ಪಾರ್ಕು ಹರಡಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಕೊಟ್ಟವರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಅಷ್ಟು ದೊಡ್ಡ ಪಾರ್ಕು ಹಗಲಿನ ಬಿಸಿಲನ್ನು ಹಗಲೇ ಗ್ರಿಡ್ಡಿಗೆ ಕಳಿಸುವಂತೆ ಕಟ್ಟಿದ್ದು. ಗುತ್ತಿಗೆ ದುಡ್ಡಿನಲ್ಲಿ ಮನೆಗೆ ಬ್ಯಾಟರಿ ಹಾಕಿಸಿದ ರೈತರೊಬ್ಬರು, ಬೇಲಿಯಾಚೆಯ ಪ್ಲೇಟಿನ ಸಾಲುಗಳನ್ನು ತೋರಿಸಿ "ಅಷ್ಟರಲ್ಲಿ ಒಂದು ಬ್ಯಾಟ್ರಿ ಇಲ್ವಂತೆ ಕಣಪ್ಪ" ಎಂದು ನಕ್ಕಿದ್ದರಂತೆ.

ಈಗ ಸೀಸದ ಜಾಗಕ್ಕೆ ಲಿಥಿಯಂ ಬರುತ್ತಿದೆ. 40 ಎಎಚ್ ಹೊತ್ತು ತರುತ್ತಿದ್ದ ಕಡೆ ಅದರ ಅರ್ಧದಷ್ಟರ ಡಬ್ಬಿ ಸಾಕು, ಒಂದೇ ಕೈಯಲ್ಲಿ ಹಿಡಿಯಬಹುದು. ಹಳೆ ಕಂಟ್ರೋಲರ್ ಮಾತ್ರ ತೆಗೆಯಲೇಬೇಕು. ಅದು ಸೀಸಕ್ಕೆ ಬೇಕಾದ ವೋಲ್ಟಿಗೆ ಹೊಂದಿಸಿದ್ದು. ಹೈಡ್ರೋಮೀಟರಿಗೂ ಇದರಲ್ಲಿ ಕೆಲಸವಿಲ್ಲ. ಒಳಗಿನ ಸರ್ಕ್ಯೂಟು ಯಾವುದಾದರೂ ಸೆಲ್ ಇಳಿದರೆ ಸದ್ದಿಲ್ಲದೆ ಲೈನು ಕಡಿದುಬಿಡುತ್ತದೆ. ಯಾವ ಸೆಲ್ ಎಂದು ಮನೆಯವರಿಗೆ ತೋರಿಸಲು ಏನೂ ಉಳಿದಿಲ್ಲ, ನಂಬಿಸುವುದು ಕಷ್ಟ ಎನ್ನುತ್ತಾರೆ ಅವರು.

ಹೋದ ಬೇಸಿಗೆ ಮಿಡಿಗೇಶಿ ಹತ್ತಿರದ ತೋಟದ ಮನೆಯೊಂದಕ್ಕೆ ಅಂಥದ್ದೇ ಡಬ್ಬಿ ಕೂರಿಸಿದರು. ಮೇಲಿನ 37 ವ್ಯಾಟಿನ ಪ್ಲೇಟು ಹಳೆಯದೇ, ಒರೆಸಿದರೆ ಸಾಕಾಯಿತು. ಮನೆಯ ಅಜ್ಜಿ ಡಬ್ಬಿಯನ್ನು ಸುತ್ತ ನೋಡಿ, "ಇದಕ್ಕೆ ನೀರು ಎಲ್ಲಿ ಉಯ್ಯೋದಪ್ಪ?" ಎಂದರು.

"ಉಯ್ಯಂಗಿಲ್ಲ ಕಣಜ್ಜಿ, ಮುಚ್ಚಳನೇ ಇಲ್ಲ."

ಅಜ್ಜಿ ಅರ್ಧ ಉಳಿದಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಎತ್ತಿ ಅಲ್ಲಾಡಿಸಿ, ಮತ್ತೆ ಡಬ್ಬಿಯ ಪಕ್ಕದಲ್ಲೇ ಇಟ್ಟರು.