ಕಾಲುವೆ ದಂಡೆಯ ಮನೆ, ಅಟ್ಟದ ಮೇಲೆ ದೇವರು

1663ರ ಒಂದು ಶನಿವಾರ, ಇಳಿಹೊತ್ತು. ಆಮ್‌ಸ್ಟರ್‌ಡ್ಯಾಮಿನ ಹಳೆಯ ಭಾಗದಲ್ಲಿ, ಔಡೆಜೈಡ್ಸ್ ಫೋರ್‌ಬುರ್ಖ್‌ವಾಲ್ ಎಂಬ ಕಾಲುವೆಯ ದಂಡೆಯ ಮೇಲೆ ನಿಂತಿದ್ದೀರಿ. ನೀರು ಕಪ್ಪಗಿದೆ, ವಾಸನೆಯೂ ಇದೆ. ಊರಿನ ಕೊಳೆಯೆಲ್ಲ ಬಂದು ಸೇರುವುದು ಇಲ್ಲಿಗೇ. ಸರಕು ಬಂದಿಳಿಯುವುದೂ ಇದೇ ನೀರಿನ ಮೇಲೆ.

ನೆತ್ತಿಯ ಮೇಲೆ ಕಿರ್‍ರೆಂಬ ಸದ್ದು. ತಲೆಯೆತ್ತಿ ನೋಡಿ. ಪಕ್ಕದ ಮನೆಯ ಮಾಡಿನ ತುದಿಯಿಂದ ದಪ್ಪನೆಯ ತೊಲೆಯೊಂದು ಬೀದಿಯ ಕಡೆಗೆ ಚಾಚಿಕೊಂಡಿದೆ. ಅದರ ತುದಿಗೆ ರಾಟೆ, ರಾಟೆಯಲ್ಲಿ ಹಗ್ಗ, ಹಗ್ಗದಲ್ಲಿ ತೂಗುವ ಮೂಟೆ. ಕೆಳಗಿನ ಇಬ್ಬರು ದಮ್ಮು ಕಟ್ಟಿ ಎಳೆಯುತ್ತಿದ್ದಾರೆ. ಅಟ್ಟದ ಬಾಗಿಲಲ್ಲಿ ನಿಂತವನು ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದು ಕೈ ಚಾಚಿ ಮೂಟೆಯನ್ನು ಒಳಕ್ಕೆ ಸೆಳೆದುಕೊಂಡ. ಮೂಟೆ ಗೋಡೆಗೆ ಉಜ್ಜಲಿಲ್ಲ, ಕಿಟಕಿಯ ಗಾಜಿಗೆ ತಾಗಲಿಲ್ಲ. ಮನೆಯ ಮುಂಗೋಡೆಯೇ ಕೊಂಚ ಮುಂದಕ್ಕೆ ಬಾಗಿದೆ, ನೋಡಿದಿರಾ? ಈ ಊರಿನಲ್ಲಿ ಎಷ್ಟೋ ಮನೆಗಳನ್ನು ಹಾಗೆ ಬಾಗಿಸಿಯೇ ಕಟ್ಟುತ್ತಾರೆ. ಸರಕು ಗೋಡೆಗೆ ತಗಲದೆ ಮೇಲೇರುತ್ತದೆ, ಮಳೆನೀರೂ ಗೋಡೆ ಹಿಡಿದು ಇಳಿಯುವುದಿಲ್ಲ.

ಆ ಮೂಟೆಯಲ್ಲಿ ಬಾಲ್ಟಿಕ್ ಕಡಲಿನ ಕಡೆಯ ಧಾನ್ಯವಿರಬಹುದು, ಮೆಣಸೂ ಇರಬಹುದು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪೂರ್ವದೇಶಗಳಿಂದ ಈ ಊರಿಗೆ ಸಾಂಬಾರ ಪದಾರ್ಥ ತರುತ್ತಿವೆ. ನಮ್ಮ ಕುಂದಾಪುರದ ಬಳಿಯ ಬಸ್ರೂರಿನಲ್ಲೂ ಈ ಕಂಪನಿ ಇದೇ ಶತಮಾನದಲ್ಲಿ ಅಕ್ಕಿ, ಮೆಣಸಿನ ವ್ಯಾಪಾರ ನಡೆಸಿದೆ.

ಕಲ್ಲು ಹಾಸಿದೆಯೆಂದು ನಿಮ್ಮ ಕಾಲಡಿಯ ನೆಲವನ್ನು ನಂಬಬೇಡಿ. ಅದರ ಕೆಳಗಿರುವುದು ಕೆಸರು, ಜವುಗು. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 12 ಮೀಟರ್ ಆಳಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಮರದ ದಿಮ್ಮಿಗಳನ್ನು ಹೊಡೆದು ಹೂತು, ಅವುಗಳ ತಲೆಯ ಮೇಲೆ ಮನೆ ಕಟ್ಟಬೇಕು. ಇಲ್ಲಿಂದ ಕೂಗಳತೆಯಲ್ಲಿ, ಡಾಮ್ ಚೌಕದಲ್ಲಿ, 1655ರಲ್ಲಿ ಬಾಗಿಲು ತೆರೆದ ಪುರಭವನದ ಅಡಿಯಲ್ಲಿ ಇಂಥ 13,659 ದಿಮ್ಮಿಗಳಿವೆ. ನೀರಿನಲ್ಲಿ ಮುಳುಗಿರುವಷ್ಟು ಕಾಲ ಮರ ಕೊಳೆಯದು, ಗಾಳಿ ಸೋಕಿದರೆ ಕೊಳೆಯುತ್ತದೆ. ಹಾಗಾಗಿ ಊರಿಗೆ ಊರೇ ಕಾಲುವೆಯ ನೀರಿನ ಮಟ್ಟವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ.

ಈಗ ನಿಮ್ಮ ಎದುರಿನ ಮನೆ ನೋಡಿ. 1630ರಲ್ಲಿ ಕಟ್ಟಿದ್ದು. ಜರ್ಮನ್ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಯಾನ್ ಹಾರ್ಟ್‌ಮನ್ ಎಂಬ ಕ್ಯಾಥೊಲಿಕ್ ವರ್ತಕ ಇದನ್ನು 1661ರಲ್ಲಿ ಕೊಂಡ. ಜೊತೆಗೆ ಇದರ ಬೆನ್ನಿಗಂಟಿ, ಪಕ್ಕದ ಗಲ್ಲಿಗೆ ಮುಖ ಮಾಡಿರುವ ಎರಡು ಚಿಕ್ಕ ಮನೆಗಳನ್ನೂ ಕೊಂಡ. ಮುಂದಿನಿಂದ ನೋಡಿದರೆ ಎಲ್ಲರ ಮನೆಯಂಥದೇ ಮನೆ, ಅಗಲ ಕಡಿಮೆ, ಎತ್ತರ ಜಾಸ್ತಿ. ಕಾಲುವೆಯ ದಂಡೆಯಲ್ಲಿ ಒಂದೊಂದು ಅಡಿ ಅಗಲಕ್ಕೂ ಬೆಲೆಯಿದೆ. ಜಾಗ ಬೇಕಾದವರು ಹಿಂದಕ್ಕೆ ಹೋಗಬೇಕು, ಇಲ್ಲವೇ ಮೇಲಕ್ಕೆ ಹೋಗಬೇಕು. ಹಾರ್ಟ್‌ಮನ್ ಎರಡನ್ನೂ ಮಾಡಿದ್ದಾನೆ.

ಬನ್ನಿ, ಒಳಗೆ ಹೋಗೋಣ.

ಇಂಥ ಮನೆಗಳಲ್ಲಿ ಕಾಲುವೆಯ ಕಡೆಗಿರುವ ಮೊದಲ ಕೋಣೆಗೆ ‘ಫೋರ್‌ಹೌಸ್’ ಅನ್ನುತ್ತಾರೆ. ಮುಂಮನೆ ಎನ್ನಿ. ಬೆಳಕು ಬೇಕಾಗಿರುವುದು ಇಲ್ಲಿ, ಅದಕ್ಕೇ ಕಿಟಕಿಗಳು ದೊಡ್ಡವು. ವರ್ತಕ ಗಿರಾಕಿಯನ್ನು ಕೂರಿಸುವುದು, ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುವುದು, ವಹಿ ಬಿಡಿಸಿ ಲೆಕ್ಕ ಬರೆಯುವುದು, ಬಾಕಿಗಾಗಿ ಜಗಳವಾಡುವುದು, ಎಲ್ಲವೂ ಇಲ್ಲೇ. ಆ ಕಡೆಯಿಂದ ಮಕ್ಕಳ ಅಳು ಕೇಳುತ್ತದೆ, ಬೇಯುವ ಬಟಾಣಿಯ ವಾಸನೆ ಬರುತ್ತದೆ. ಅಂಗಡಿಗೆ ಹೋಗಿಬರುತ್ತೇನೆ ಎಂಬ ಮಾತು ಈ ಮನೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲ.

ಕಿರಿದಾದ ಮೆಟ್ಟಿಲೇರಿ ಒಳಗೆ ಹೋದರೆ ಒಮ್ಮೆಲೇ ಇನ್ನೊಂದು ಲೋಕ. ಇದು ‘ಸಾಲ್’, ಮನೆಯ ದರ್ಬಾರು ಕೋಣೆ. ಇಲ್ಲಿ ಎಲ್ಲವೂ ಅಳೆದು ಇಟ್ಟ ಹಾಗೆ, ಎಡಕ್ಕೆ ಇದ್ದದ್ದು ಬಲಕ್ಕೂ ಇರಬೇಕು. ಎದುರಿಗೆ ಆಳೆತ್ತರ ಮೀರಿದ ಬೆಂಕಿಗೂಡು, ಅದಕ್ಕೆ ತಿರುಚಿದ ಕಂಬಗಳು, ಮೇಲೆ ಕುಟುಂಬದ ಲಾಂಛನ. ಸಾಲ ಕೊಡುವವನು, ಸರಕು ಕೊಳ್ಳುವವನು ಇಲ್ಲಿ ಬಂದು ಕೂತು ಸುತ್ತ ಕಣ್ಣಾಡಿಸಿದರೆ ಸಾಕು, ಈ ಮನುಷ್ಯನನ್ನು ನಂಬಬಹುದು ಅನ್ನಿಸಬೇಕು. ಮನೆಯಲ್ಲಿ ಅತಿ ಹೆಚ್ಚು ದುಡಿಯುವ ಕೋಣೆ ಇದೇ ಎಂದು ನನಗನ್ನಿಸುತ್ತದೆ. ಮುಂಮನೆಯಲ್ಲಿ ಸರಕನ್ನು ತೋರಿಸುತ್ತಾರೆ, ಇಲ್ಲಿ ಸಾಲದ ಯೋಗ್ಯತೆಯನ್ನು ತೋರಿಸುತ್ತಾರೆ.

ಮತ್ತೆ ಮೆಟ್ಟಿಲು. ಇಲ್ಲಿ ಮೆಟ್ಟಿಲಿಗೂ ಏಣಿಗೂ ಹೆಚ್ಚು ವ್ಯತ್ಯಾಸವಿಲ್ಲ, ಜೋಪಾನ. ತಿರುವಿನಲ್ಲೇ ಒಂದು ಪುಟ್ಟ ಕೋಣೆ, ಗೋಡೆಯೊಳಗೆ ಕಪಾಟಿನಂಥ ಹಾಸಿಗೆ. ಪಾದ್ರಿಯೊಬ್ಬರು ಮಲಗುವ ಜಾಗ. ಹಗಲು ಬಾಗಿಲು ಹಾಕಿದರೆ ಹಾಸಿಗೆ ಮಾಯ. ವರ್ತಕನ ಮನೆಯಲ್ಲಿ ಪಾದ್ರಿಗೇನು ಕೆಲಸ ಎಂದು ಕೇಳಬೇಡಿ. ಬೆಳಗಾಗಲಿ.

ಭಾನುವಾರ. ರಾಟೆಗಳು ಸುಮ್ಮನಿವೆ. ಈಗ ಮುಂಬಾಗಿಲಿನಿಂದ ಬರುವುದು ಬೇಡ, ಪಕ್ಕದ ಹೈಂಟ್ಯೆ ಹುಕ್ಸ್ ಗಲ್ಲಿಗೆ ತಿರುಗಿ. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟೀತೇನೋ ಅನ್ನಿಸುವಷ್ಟು ಇಕ್ಕಟ್ಟು. ನಿಮ್ಮ ಮುಂದೆ ಒಬ್ಬ ಮುದುಕಿ, ಹಿಂದೆ ಗಂಡ ಹೆಂಡತಿ. ಯಾರೂ ಮಾತಾಡುತ್ತಿಲ್ಲ. ಪಕ್ಕದ ಬಾಗಿಲು ತೆರೆಯಿತು. ಎಲ್ಲರೂ ಒಬ್ಬರ ಹಿಂದೊಬ್ಬರು ಮೇಲೇರುತ್ತಿದ್ದಾರೆ, ಮುದುಕಿ ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಕತ್ತಲು, ಒದ್ದೆ ಉಣ್ಣೆಯ ವಾಸನೆ, ಮರ ಮುಲುಗುವ ಸದ್ದು.

ಆಮೇಲೆ ಇದ್ದಕ್ಕಿದ್ದಂತೆ ಬೆಳಕು.

ಮೂರು ಮನೆಗಳ ಅಟ್ಟವನ್ನು ಒಂದು ಮಾಡಿ ಇಡೀ ಒಂದು ಇಗರ್ಜಿಯನ್ನೇ ಇಲ್ಲಿ ಕಟ್ಟಿದ್ದಾರೆ. ಕೊನೆಯಲ್ಲಿ ಬಲಿಪೀಠ, ಎದುರು ಸಾಲು ಆಸನಗಳು. ಸುಮಾರು 150 ಜನ ಹಿಡಿಸುತ್ತಾರೆ. ಮೇಲಿನ ಎರಡು ಅಂತಸ್ತುಗಳ ನೆಲವನ್ನು ನಡುವೆ ಕತ್ತರಿಸಿ ತೆಗೆದಿದ್ದಾರೆ, ಸುತ್ತ ಅಂಚು ಮಾತ್ರ ಗ್ಯಾಲರಿಯಾಗಿ ಉಳಿದಿದೆ. ಆ ಅಂಚು ಕೆಳಗೆ ಬೀಳದಂತೆ ಹಿಡಿದಿರುವುದು ಮಾಡಿನ ತೊಲೆಗಳಿಂದ ಇಳಿಬಿಟ್ಟ ಕಬ್ಬಿಣದ ಸರಳುಗಳು. ಸರಳಿನ ಮೇಲೆ ಕೈಯಿಟ್ಟು ನೋಡಿ, ತಣ್ಣಗಿದೆ. ಮೇಲೆ ಜನ ಮಂಡಿಯೂರಿದಾಗ ನೆಲ ನಡುಗಿದ್ದು ಅಂಗೈಗೆ ತಿಳಿಯುತ್ತದೆ.

ಇಲ್ಲಿ ನನಗೆ ಅತ್ಯಂತ ಹಿಡಿಸಿದ ಸಂಗತಿ ಒಂದಿದೆ. ಈ ಊರಿನ ಅಟ್ಟಗಳನ್ನು ಕಟ್ಟುವುದೇ ಉಗ್ರಾಣಕ್ಕಾಗಿ. ಧಾನ್ಯ, ಬಟ್ಟೆಯ ದಿಂಡು, ಪೀಪಾಯಿಗಳನ್ನು ಹೊರಬೇಕೆಂದು ತೊಲೆಗಳನ್ನು ದಪ್ಪ ಇಡುತ್ತಾರೆ. ವಾಸದ ಕೋಣೆಗಳು ಕೆಳಗೆ, ಹೊರೆ ನೆತ್ತಿಯ ಮೇಲೆ. ಬೇರೆ ಊರಿನಲ್ಲಾಗಿದ್ದರೆ ಮನೆಯ ಮೇಲೆ ಇಗರ್ಜಿ ಕಟ್ಟುವ ಯೋಚನೆಯೇ ಹುಚ್ಚು ಅನ್ನಿಸಿಕೊಳ್ಳುತ್ತಿತ್ತು. ಕೆಲಸವೂ ಸಂಸಾರವೂ ಒಂದೇ ಮಾಡಿನ ಕೆಳಗೆ ಇರಲೆಂದು ಕಟ್ಟುವ ರೂಢಿ ಇದ್ದುದರಿಂದ ದೇವರಿಗೂ ಜಾಗ ಸಿಕ್ಕಿತು. ಮೂಟೆ ಹೊರುವುದನ್ನು ಬಲ್ಲ ಬಡಗಿಯ ಲೆಕ್ಕವೇ ಭಕ್ತರನ್ನೂ ಹೊತ್ತಿತು.

ಹೀಗೆ ಮುಚ್ಚಿಡಬೇಕಾಗಿ ಬಂದದ್ದು 1578ರಿಂದ. ಆ ವರ್ಷ ಊರಿನ ಆಡಳಿತ ಪ್ರೊಟೆಸ್ಟಂಟರ ಕೈಗೆ ಹೋಯಿತು, ಕ್ಯಾಥೊಲಿಕರು ಬಹಿರಂಗವಾಗಿ ಬಲಿಪೂಜೆ ನಡೆಸುವುದು ನಿಂತಿತು. ಬೀದಿಗೆ ಕಾಣದಿದ್ದರೆ ಸರಿ, ಅಧಿಕಾರಿಗಳ ಕೈಗೆ ಹಣ ತಲುಪುತ್ತಿದ್ದರೆ ಇನ್ನೂ ಸರಿ. ಇದನ್ನು ಡಚ್ಚರ ಸಹಿಷ್ಣುತೆಯೆಂದು ಹೊಗಳುವವರಿದ್ದಾರೆ. ಅಂದಿನ ಯುರೋಪಿನಲ್ಲಿ ಇಷ್ಟೂ ಸಿಗದೆ ಪ್ರಾಣ ಬಿಟ್ಟವರನ್ನು ನೆನೆದರೆ ಅದು ದೊಡ್ಡದೇ. ಆದರೂ ಗೋಡೆಗೆ ಕೈ ಆನಿಸಿ ಮೆಟ್ಟಿಲೇರಿದ ಆ ಮುದುಕಿಯನ್ನು ಕಂಡಮೇಲೆ ನನಗೆ ಪೂರ್ತಿ ಹೊಗಳಲು ಮನಸ್ಸು ಬಾರದು. ನೂರಾರು ಜೋಡಿ ಕಾಲುಗಳು ಪ್ರತಿ ಭಾನುವಾರ ಒಂದೇ ಗಲ್ಲಿಗೆ ತಿರುಗಿದರೆ ಊರಿಗೆ ಗೊತ್ತಾಗದೆ ಇರುತ್ತದೆಯೇ? ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇರಬೇಕಿತ್ತು, ಅಷ್ಟೆ.

ಕೇಳಿ, ಗಂಟೆ. ಕೂಗಳತೆ ದೂರದ ಔಡೆ ಕೆರ್ಕ್‌ನದು, ಊರಿನ ಅತ್ಯಂತ ಹಳೆಯ ಇಗರ್ಜಿ. ಈ ಮುದುಕಿಯ ಹಿರಿಯರು ಅಲ್ಲಿಯೇ ಪ್ರಾರ್ಥಿಸಿರಬೇಕು. 1578ರಿಂದ ಅದು ಪ್ರೊಟೆಸ್ಟಂಟರದು. ಈ ಅಟ್ಟಕ್ಕೆ ಗಂಟೆಯಿಲ್ಲ. ಗಂಟೆ ಹೊಡೆದರೆ ಬೀದಿಗೆ ಕೇಳುತ್ತದಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹಾರ್ಟ್‌ಮನ್‌ನ ತಲೆಮಾರು ಮುಗಿದ ಮೇಲೂ ಅಟ್ಟದಲ್ಲಿ ಪೂಜೆ ನಡೆಯುತ್ತ ಹೋಯಿತು. 18ನೆಯ ಶತಮಾನದಲ್ಲಿ ಬಲಿಪೀಠಕ್ಕೆ ಯಾಕೊಪ್ ಡೆ ವಿಟ್ ಚಿತ್ರಿಸಿದ ಕ್ರಿಸ್ತನ ದೀಕ್ಷಾಸ್ನಾನದ ಚಿತ್ರ ಬಂತು, 1794ರಲ್ಲಿ ಈ ಅಟ್ಟಕ್ಕೆಂದೇ ಮಾಡಿಸಿದ ಆರ್ಗನ್ ಬಂತು. ಬಲಿಪೀಠದ ಎಡಗಂಬದೊಳಗೆ ಮಹಾಗನಿ ಮರದ ಪ್ರವಚನ ಪೀಠವೊಂದನ್ನು ಅಡಗಿಸಿದರು. ಬೇಕಾದಾಗ ಕಂಬದಿಂದ ಹೊರಗೆಳೆದು ಏರುವುದು, ಪ್ರವಚನ ಮುಗಿದ ಮೇಲೆ ಒಳಕ್ಕೆ ತಳ್ಳುವುದು. ಪಾದ್ರಿಯ ಹಾಸಿಗೆ ಕಪಾಟಿನಲ್ಲಿ, ಪಾದ್ರಿಯ ಪೀಠ ಕಂಬದಲ್ಲಿ. ಅಂಗೈಯಗಲ ಜಾಗವನ್ನೂ ದಂಡ ಮಾಡದ ವರ್ತಕರ ಮನೆಯ ಗುಣ ದೇವರ ಮನೆಗೂ ಹತ್ತಿಕೊಂಡಿತು.

1887ರಲ್ಲಿ ಹತ್ತಿರದಲ್ಲೇ, ಎಲ್ಲರ ಕಣ್ಣಿಗೂ ಕಾಣುವಂತೆ, ಸಂತ ನಿಕೊಲಾಸರ ದೊಡ್ಡ ಇಗರ್ಜಿ ಎದ್ದಿತು. ಅಟ್ಟ ಏರುವ ಅಗತ್ಯ ತೀರಿತು. ಈ ಮನೆ ನೆಲಸಮವಾಗಬೇಕಿತ್ತು. ಕೆಲವು ಕ್ಯಾಥೊಲಿಕ್ ಗೃಹಸ್ಥರು ಸೇರಿ ಕೊಂಡು ಉಳಿಸಿದರು, 1888ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಅದರ ಈಗಿನ ಹೆಸರು ‘ಓನ್ಸ್ ಲೀವೆ ಹೇರ್ ಓಪ್ ಸೋಲ್ಡರ್’, ಅಂದರೆ ಅಟ್ಟದ ಮೇಲಿನ ನಮ್ಮ ಪ್ರಭು. ಈಗ ಒಳಗೆ ಹೋಗುವುದು ಗಲ್ಲಿಯ ಆಚೆಯ ಕಟ್ಟಡದಿಂದ, ನೆಲದಡಿಯ ದಾರಿಯಲ್ಲಿ. ಆಗಾಗ ಇಂದಿಗೂ ಇಲ್ಲಿ ಬಲಿಪೂಜೆ ನಡೆಯುತ್ತದೆ, ಮದುವೆಗಳೂ ಆಗುತ್ತವೆ.

ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಲ್ಲ. ದೋಣಿಯಲ್ಲಿ ಕೂತು ಕಾಲುವೆ ಮನೆಗಳ ಮುಖ ನೋಡಿ ಬರುವವರೇ ಹೆಚ್ಚು. ಹೋದರೆ ಈ ಒಂದು ಮನೆಯ ಒಳಗೆ ಹೋಗಿ, ಕೇಂದ್ರ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಮೆಟ್ಟಿಲು ಕಡಿದು, ಸೂಟ್‌ಕೇಸು ಒಯ್ಯಬೇಡಿ. ಅಟ್ಟ ತಲುಪಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತುಕೊಳ್ಳಿ. ಔಡೆ ಕೆರ್ಕ್‌ನ ಗಂಟೆ ಈಗಲೂ ಹೊಡೆಯುತ್ತದೆ.