ಇಮಾಮ್ ಗಝಾಲಿಯವರ(ರ) ವಿರಾಮ ಮತ್ತು ನಮ್ಮ ಮಗನ ಒಂದು ವರ್ಷ

ಕಳೆದ ವರ್ಷದ ರಮಝಾನ್‌ನಲ್ಲಿ ವಿಶ್ವವಿದ್ಯಾಲಯದಿಂದ ಊರಿಗೆ ಬಂದ ನಮ್ಮ ಮಗ ಇಫ್ತಾರ್ ಮುಗಿದ ಬಳಿಕ ತಲೆ ತಗ್ಗಿಸಿ ಹೇಳಿದ: “ಬಾಪಾ, ಒಂದು ವರ್ಷ ನಾನು ಮನೆಯಲ್ಲಿರುತ್ತೇನೆ. ಪುಸ್ತಕ ತೆರೆದರೆ ಏನೂ ತಲೆಗೆ ಹೋಗುವುದಿಲ್ಲ. ನಮಾಝ್‌ನಲ್ಲೂ ಮನಸ್ಸು ನಿಲ್ಲುವುದಿಲ್ಲ.”

ಆ ರಾತ್ರಿ ಅವನ ತಂದೆ-ತಾಯಿಯರಾದ ನಾವಿಬ್ಬರೂ ನಿದ್ರಿಸಲಿಲ್ಲ. ನಮ್ಮನ್ನು ಕಾಡಿದ್ದು ಅವನ ಬಳಲಿಕೆಯಲ್ಲ. ಮಸೀದಿಯ ಅಂಗಳದಲ್ಲಿ, ಮದುವೆ ಮನೆಗಳಲ್ಲಿ ನಾವು ಎದುರಿಸಬೇಕಾದ ಪ್ರಶ್ನೆಗಳು. ಇದನ್ನು ಒಪ್ಪಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಆ ದಿನಗಳಲ್ಲಿ ಇಮಾಮ್ ಗಝಾಲಿಯವರ(ರ) ಜೀವನ ಚರಿತ್ರೆ ನಮ್ಮ ಕಣ್ತೆರೆಸಿತು. ಕ್ರಿ.ಶ. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದ ಪ್ರಧಾನ ಅಧ್ಯಾಪಕರಾದರು. ಅವರ ಪಾಠ ಕೇಳಲು 300 ವಿದ್ಯಾರ್ಥಿಗಳಿದ್ದರು. ಆದರೆ ತಮ್ಮ ಬೋಧನೆಯ ನಿಯ್ಯತ್ತನ್ನು ಪರೀಕ್ಷಿಸಿಕೊಂಡಾಗ, ಅದರ ಪ್ರೇರಣೆ ಅಲ್ಲಾಹನ ಸಂಪ್ರೀತಿಯಲ್ಲ, ಕೀರ್ತಿ ಎಂಬುದು ಅವರಿಗೆ ಮನವರಿಕೆಯಾಯಿತು. ಹೋಗಲೋ ಇರಲೋ ಎಂದು ಸುಮಾರು ಆರು ತಿಂಗಳು ತೊಳಲಾಡಿದರು. ಕೊನೆಗೆ ನಾಲಿಗೆಯೇ ಕಟ್ಟಿಹೋಯಿತು, ತುತ್ತು ಗಂಟಲಿಗಿಳಿಯದಾಯಿತು. ಇದು ಹೃದಯದಲ್ಲಿ ಹುಟ್ಟಿದ ವ್ಯಾಧಿಯೆಂದು ವೈದ್ಯರು ಕೈಚೆಲ್ಲಿದರು.

1095ರಲ್ಲಿ ಅವರು ಕುಟುಂಬದ ನಿರ್ವಹಣೆಗೆ ಬೇಕಾದುದನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿ ಬಗ್ದಾದನ್ನು ತೊರೆದರು. ಆಗಲೂ ಜನರು ಸುಮ್ಮನಿರಲಿಲ್ಲ. ಆಡಳಿತಗಾರರಿಗೆ ಹೆದರಿ ಹೋದರೆಂಬ ಊಹೆಗಳೂ ಹಬ್ಬಿದವು. ಅವರಾದರೋ ದಮಾಸ್ಕಸ್‌ನ ಮಸೀದಿಯಲ್ಲಿ ಏಕಾಂತದಲ್ಲಿದ್ದರು, ಬೈತುಲ್ ಮುಕದ್ದಸ್‌ಗೆ ಹೋದರು, ಹಜ್ಜ್ ನಿರ್ವಹಿಸಿದರು. ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಗ್ರಂಥ ರೂಪುಗೊಂಡದ್ದು ಆ ವರ್ಷಗಳಲ್ಲೇ. 1106ರಲ್ಲಿ ಅವರು ನಿಶಾಪುರದಲ್ಲಿ ಮತ್ತೆ ಪಾಠಪೀಠಕ್ಕೆ ಮರಳಿದರು. ಕೆಲಸ ಅದೇ ಆಗಿತ್ತು, ಉದ್ದೇಶ ಬದಲಾಗಿತ್ತು.

ನಮ್ಮ ಮಗನನ್ನು ಆ ಮಹಾನುಭಾವರೊಂದಿಗೆ ಹೋಲಿಸುವ ಧೈರ್ಯ ನಮಗಿಲ್ಲ. ಆದರೆ ಹೊಣೆಗಾರಿಕೆಯನ್ನು ಮರೆಯದೆ, ತನ್ನನ್ನು ತಾನು ಪ್ರಶ್ನಿಸಿಕೊಳ್ಳಲು ಪಡೆಯುವ ವಿರಾಮ ಪಲಾಯನವಲ್ಲ ಎಂಬುದು ಅರ್ಥವಾಯಿತು. ಹಗಲು ಉಪವಾಸ, ರಾತ್ರಿಯಿಡೀ ನಮಾಝ್ ಎಂದಿದ್ದ ಅಬುದ್ದರ್ದಾರನ್ನು(ರ) ಸಲ್ಮಾನುಲ್ ಫಾರಿಸಿ(ರ) ತಡೆದು, ಶರೀರಕ್ಕೂ ಕುಟುಂಬಕ್ಕೂ ಅವುಗಳದೇ ಹಕ್ಕುಗಳಿವೆಯೆಂದು ನೆನಪಿಸಿದಾಗ, ಪ್ರವಾದಿವರ್ಯರು(ಸ) ಸಲ್ಮಾನರ ಮಾತನ್ನು ಅನುಮೋದಿಸಿದ್ದರಲ್ಲವೇ? ಆರಾಧನೆಗೇ ಮಿತಿಯಿರುವಾಗ ಪರೀಕ್ಷೆ, ಅಂಕಗಳಿಗೆ ಇರಬಾರದೇ?

ಮರುಪ್ರವೇಶದ ನಿಯಮಗಳನ್ನು ಮಗ ವಿಭಾಗದಲ್ಲಿ ವಿಚಾರಿಸಿ ಬಂದ. ವೈದ್ಯರ ಸಲಹೆಯನ್ನೂ ಪಡೆದೆವು. ಮೊದಲ ತಿಂಗಳು ಅವನು ಹೆಚ್ಚಾಗಿ ನಿದ್ರಿಸಿದ. ನಾವು ಕಷ್ಟಪಟ್ಟು ಮೌನವಾಗಿದ್ದೆವು. ಕ್ರಮೇಣ ಫಜ್ರ್‌ಗೆ ಮಸೀದಿಗೆ ಹೋಗತೊಡಗಿದ, ಅಂಗಡಿಯಲ್ಲಿ ಕೈಜೋಡಿಸಿದ, ಸಂಜೆ ನೆರೆಯ ಮಕ್ಕಳಿಗೆ ಗಣಿತ ಕಲಿಸಿದ. ಒಂದು ದಿನ ಅವನು ಕೇಳಿದ: “ನಾನು ಓದಬೇಕೆಂದು ನೀವು ಬಯಸಿದ್ದು ಯಾತಕ್ಕಾಗಿ?”

ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವನ ಪದವಿಯಲ್ಲಿ ನಾವು ಹುಡುಕುತ್ತಿದ್ದುದು ನಮ್ಮ ಪ್ರತಿಷ್ಠೆಯನ್ನು. ನಿಯ್ಯತ್ ಸರಿಪಡಿಸಿಕೊಳ್ಳಬೇಕಾದವರು ನಾವೂ ಆಗಿದ್ದೆವು.

ಬರುವ ತಿಂಗಳು ಅವನು ತರಗತಿಗೆ ಮರಳಲಿದ್ದಾನೆ, ಇನ್ ಶಾ ಅಲ್ಲಾಹ್. ಎಷ್ಟು ಅಂಕ ಬಂತೆಂದು ಈ ಬಾರಿ ಮೊದಲು ಕೇಳಬಾರದೆಂದು ನಿಶ್ಚಯಿಸಿದ್ದೇವೆ. ಅಲ್ಲಾಹನು ಅವನ ಜ್ಞಾನವನ್ನು ಜನರಿಗೆ ಉಪಯುಕ್ತಗೊಳಿಸಲಿ. ಮಕ್ಕಳ ಆಯಾಸವನ್ನು ಅರಿಯುವ ಹೃದಯವನ್ನು ನಮಗೆ ಕರುಣಿಸಲಿ. ಆಮೀನ್.